ಆರಾಧನೆಯ ಶಿಸ್ತು ಯಾರಿಗಾಗಿ?

ಗುಡಿಯಾಗಲಿ, ಚರ್ಚಾಗಲಿ, ಮಸೀದಿಯಾಗಲಿ, ಒಳಗೆ ಕಾಲಿಟ್ಟವರ ದನಿ ತಾನಾಗಿಯೇ ತಗ್ಗುತ್ತದೆ. ಗದ್ದಲವಿಲ್ಲದ ಕಡೆ ಭಕ್ತಿಯಿದೆಯೆಂದು ನಾವು ಸಹಜವಾಗಿಯೇ ನಂಬುತ್ತೇವೆ. ಈ ನಂಬಿಕೆ ಎಷ್ಟರ ಮಟ್ಟಿಗೆ ಸರಿ? ಕ್ರೈಸ್ತ ಆರಾಧನೆಯ ಚರಿತ್ರೆಯಲ್ಲಿ ಶಿಸ್ತಿನ ಪ್ರಶ್ನೆ ಮೊದಲನೆಯ ಶತಮಾನದಲ್ಲಿಯೇ ಎದ್ದಿತ್ತು.

ಗ್ರೀಸ್ ದೇಶದ ಕೊರಿಂಥವು ಎರಡು ಬಂದರುಗಳ ವ್ಯಾಪಾರದಿಂದ ಬೆಳೆದ ನಗರ. ಅಲ್ಲಿನ ಎಳೆಯ ಸಭೆಗೆ ಪೌಲನು ಸುಮಾರು ಕ್ರಿ.ಶ. 55ರಲ್ಲಿ ಒಂದು ಪತ್ರ ಬರೆದನು. ಆಗ ಚರ್ಚಿನ ಕಟ್ಟಡಗಳಿರಲಿಲ್ಲ. ಭಕ್ತರು ಮನೆಗಳಲ್ಲಿ ಸೇರುತ್ತಿದ್ದರು. ಕರ್ತನ ಭೋಜನಕ್ಕೆಂದು ಕೂಡಿದಾಗ ಉಳ್ಳವರು ಮೊದಲೇ ಉಂಡು ಕುಡಿದು ಮತ್ತರಾಗುತ್ತಿದ್ದರು, ಇಲ್ಲದವರು ಹಸಿದೇ ಉಳಿಯುತ್ತಿದ್ದರು. ಪ್ರಾರ್ಥನೆಯಲ್ಲಿ ಹಲವರು ಯಾರಿಗೂ ತಿಳಿಯದ ಭಾಷೆಗಳಲ್ಲಿ ಆವೇಶದಿಂದ ನುಡಿಯುತ್ತಿದ್ದರು.

ಇದಕ್ಕೆ ಪೌಲನು ಸೂಚಿಸಿದ ಪರಿಹಾರ ಗಮನಾರ್ಹವಾದುದು. ಅವನು ಗಂಟೆ, ದೀಪ, ನಿಲುವಂಗಿಗಳ ಮಾತೆತ್ತಲಿಲ್ಲ. ಉಣ್ಣುವಾಗ ಒಬ್ಬರಿಗಾಗಿ ಒಬ್ಬರು ಕಾಯಬೇಕು. ನುಡಿಯುವವರು ಸರದಿಯಂತೆ ನುಡಿಯಬೇಕು. ಅರ್ಥ ಹೇಳುವವರಿಲ್ಲದಿದ್ದರೆ ಅನ್ಯಭಾಷೆಯವನು ಸಭೆಯಲ್ಲಿ ಸುಮ್ಮನಿರಬೇಕು. ಹೊಸದಾಗಿ ಬಂದವನಿಗೆ ಇದೆಲ್ಲ ಹುಚ್ಚಾಗಿ ಕಾಣದೆ? ತಿಳಿಯದ ಪ್ರಾರ್ಥನೆಗೆ ಅವನು ಆಮೆನ್ ಎನ್ನುವುದಾದರೂ ಹೇಗೆ? ಹಸಿದವನನ್ನೂ ಅಪರಿಚಿತನನ್ನೂ ನೆನೆದು ಹುಟ್ಟಿದ ಶಿಸ್ತು ಇದು.

ಆದರೆ ಶಿಸ್ತಿಗೆ ಇನ್ನೊಂದು ಮುಖವೂ ಉಂಟು. ಅದೇ ಪತ್ರದಲ್ಲಿ ಸ್ತ್ರೀಯರು ಪ್ರಾರ್ಥಿಸುವುದನ್ನೂ ಪ್ರವಾದಿಸುವುದನ್ನೂ ಒಪ್ಪಿಕೊಂಡ ಮಾತಿದೆ. ಅವರು ಸಭೆಯಲ್ಲಿ ಮೌನವಾಗಿರಬೇಕೆಂಬ ಮಾತೂ ಇದೆ. ಮುಂದಿನ ಶತಮಾನಗಳು ಬಹುಮಟ್ಟಿಗೆ ಎರಡನೆಯದನ್ನೇ ಎತ್ತಿ ಹಿಡಿದವು. ನಮ್ಮ ನಾಡಿನಲ್ಲಿ ಜಾತಿಯೂ ಶಿಸ್ತಿನ ವೇಷ ತೊಟ್ಟಿತು. ತಮಿಳುನಾಡಿನ ವಡಕ್ಕನ್‌ಕುಳಂ ಚರ್ಚನ್ನು 19ನೆಯ ಶತಮಾನದಲ್ಲಿ ಎರಡು ಪ್ರತ್ಯೇಕ ಅಂಕಣಗಳಾಗಿ ಕಟ್ಟಲಾಯಿತು: ಬಲಿಪೀಠ ಒಂದೇ, ಜಾತಿಗೆ ತಕ್ಕಂತೆ ಜನ ಬೇರೆ ಬೇರೆ. ಎಲ್ಲರೂ ತಮ್ಮ ತಮ್ಮ ಸ್ಥಾನದಲ್ಲಿ ನಿಂತ ಆ ನೋಟದಲ್ಲಿ ಕ್ರಮಕ್ಕೆ ಕೊರತೆಯಿರಲಾರದು. ಆದರೆ ನೆರೆಯವನನ್ನು ಗೋಡೆಯಾಚೆ ನಿಲ್ಲಿಸಿದ ಮೇಲೆ ಅದು ಯಾರಿಗೆ ಸಲ್ಲಿಸಿದ ಗೌರವ?

ಆದ್ದರಿಂದ ಶಿಸ್ತನ್ನು ಅದರ ಅಂದದಿಂದ ಅಳೆಯಲಾಗದು. ಅದು ಯಾರಿಗೆ ಎಡೆ ಮಾಡಿಕೊಟ್ಟಿತು ಎಂಬುದರಿಂದ ಅಳೆಯಬೇಕು. ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿ ಪೂಜಾವಿಧಿಯಲ್ಲಿ ಜನಭಾಷೆಗಳಿಗೆ ಬಾಗಿಲು ತೆರೆದಾಗ, ಲ್ಯಾಟಿನ್ನಿನ ಗಾಂಭೀರ್ಯ ಕಳೆದುಹೋಯಿತೆಂದು ಮರುಗಿದವರಿದ್ದರು. ಆ ಮರುಕ ಸುಳ್ಳಲ್ಲ. ಆದರೂ ತಿಳಿದು ನುಡಿದ ಆಮೆನ್ನಿನ ತೂಕವೇ ಬೇರೆ. ಅದಕ್ಕೂ ನೂರು ವರ್ಷ ಮೊದಲು, 1862ರಲ್ಲಿ, ಬಾಸೆಲ್ ಮಿಷನ್ನಿನ ಕಿಟ್ಟೆಲರು ಕ್ರಿಸ್ತಚರಿತೆಯನ್ನು ‘ಕಥಾಮಾಲೆ’ಯೆಂಬ ಕನ್ನಡ ಕಾವ್ಯವಾಗಿ ಹಾಡಿದ್ದೂ ಈ ಅರಿವಿನಿಂದಲೇ ಇರಬೇಕು. ಕಚೇರಿಯಲ್ಲೊಂದು, ಶಾಲೆಯಲ್ಲೊಂದು, ಮನೆಯಲ್ಲೊಂದು ಭಾಷೆಯಾಡುವ ಗಡಿನಾಡಿನ ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಮೌನ ಬೇಕು, ಸರದಿ ಬೇಕು, ವಿಧಿಯೂ ಬೇಕು. ಇವಿಲ್ಲದಿದ್ದರೆ ದೊಡ್ಡ ದನಿಯವನದೇ ಆರಾಧನೆಯಾಗುತ್ತದೆ. ಆದರೆ ದನಿ ತಗ್ಗಿಸುವುದು ಇನ್ನೊಬ್ಬರ ದನಿ ಕೇಳಿಸಲೆಂದು. ಕೊನೆಯ ಸಾಲಿನಲ್ಲಿ ನಿಂತವರು ಹಸಿದಿಲ್ಲವಷ್ಟೆ, ಅವರಿಗೆ ಅರ್ಥವಾಗುತ್ತಿದೆಯಷ್ಟೆ ಎಂದು ಒಮ್ಮೆ ಹಿಂತಿರುಗಿ ನೋಡುವುದೂ ಪೂಜೆಯ ಭಾಗವೇ.