ಕೈ ಬಿಡದೆ ಹಿಡಿತ ಬಿಡುವುದು

ಬೆಟ್ಟ ಹತ್ತಿ ಬರುವ ಭಕ್ತಾದಿಗಳ ಬೇಡಿಕೆಗಳು ನೂರಾರು. ಮಳೆ ಆಗಲಿ, ಬೆಳೆ ಬರಲಿ, ಮೈಯಾಗಿನ ಬೇನೆ ಹೋಗಲಿ ಎಂದು ಬೇಡುವವರಿದ್ದಾರೆ. ಇವುಗಳ ಜೊತೆಗೆ ಇನ್ನೊಂದು ಬಗೆಯ ಬೇಡಿಕೆಯೂ ಉಂಟು. ಮಗ ನಾ ಹೇಳಿದಂಗ ಕೇಳಲಿ. ಸೊಸಿ ನನ್ನ ಮಾತು ಮೀರದಂಗ ಇರಲಿ. ತಮ್ಮ ಬ್ಯಾರೆ ಆಗೋ ವಿಚಾರ ಬಿಡಲಿ. ಮೊದಲಿನ ಬೇಡಿಕೆಗಳಲ್ಲಿ ಮನುಷ್ಯ ಕೇಳುವುದು ತನ್ನ ಬದುಕಿಗೆ ಬೇಕಾದದ್ದನ್ನು. ಎರಡನೆಯದರಲ್ಲಿ ಕೇಳುವುದು ಇನ್ನೊಬ್ಬರ ಮನಸ್ಸಿನ ಕೀಲಿಕೈಯನ್ನು. ಅದನ್ನು ದೇವರು ಕೊಡುತ್ತಾನೆಯೆ? ಕೊಟ್ಟರೂ ಅದರಿಂದ ಮನೆಗೆ ಒಳ್ಳೆಯದಾಗುತ್ತದೆಯೆ?

ಹೀಗೆ ಬೇಡುವವರು ಕೆಟ್ಟವರೇನಲ್ಲ. ಪ್ರೀತಿ ಇಲ್ಲದವರಿಗೆ ಈ ಚಿಂತೆ ಹುಟ್ಟುವುದೇ ಇಲ್ಲ. ದಾರಿಯಲ್ಲಿ ಹೋಗುವ ಅಪರಿಚಿತನು ಹೇಗೆ ಬದುಕಿದರೂ ನಮಗೇನು? ತನ್ನವರು ಎಂಬ ಮಮಕಾರ ಇದ್ದಲ್ಲೇ ತನ್ನ ಮಾತು ನಡೆಯಬೇಕು ಎಂಬ ಹಟವೂ ಬೆಳೆಯುತ್ತದೆ. ಜೋಳದ ಹೊಲದಲ್ಲಿ ಪೈರಿನ ಜೊತೆಗೇ ಕಸ ಹುಟ್ಟಿದಂತೆ ಇದು. ಬಿತ್ತಿದ್ದು ಪೈರು, ಆದರೆ ಕಸ ತೆಗೆಯದಿದ್ದರೆ ಪೈರನ್ನೇ ನುಂಗುತ್ತದೆ.

ಯಾದಗಿರಿ ಜಿಲ್ಲೆಯ ಕೆಂಭಾವಿ ಈ ವಿಷಯದಲ್ಲಿ ನೆನೆಯಬೇಕಾದ ಊರು. 12ನೇ ಶತಮಾನದ ಶರಣ ಕೆಂಭಾವಿ ಭೋಗಯ್ಯನವರ ಊರು ಅದು. ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣದಲ್ಲಿಯೂ ಇವರ ಕಥೆ ಬಂದಿದೆ. ಊರವರು ಕೀಳೆಂದು ದೂರವಿಟ್ಟ ಕುಲದವನ ವೇಷದಲ್ಲಿ ಶಿವನೇ ಭೋಗಯ್ಯನವರ ಮನೆಗೆ ಬಂದನಂತೆ. ಭೋಗಯ್ಯನವರು ಕುಲ ಕೇಳಲಿಲ್ಲ, ಒಳಗೆ ಕರೆದು ಉಪಚರಿಸಿದರು. ಊರಿನ ಹಿರಿಯರಿಗೆ ಇದು ಸಹನೆಯಾಗಲಿಲ್ಲ. ಯಾರನ್ನು ಒಳಗೆ ಕರೆಯಬೇಕು, ಯಾರನ್ನು ಹೊರಗಿಡಬೇಕು ಎಂಬುದು ತಾವು ಹೇಳಿದಂತೆ ಆಗಬೇಕು, ಇಲ್ಲವಾದರೆ ಊರು ಬಿಡು ಎಂದರು.

ಭೋಗಯ್ಯನವರು ಊರು ಬಿಟ್ಟು ಹೊರಟರು. ಆಗ ಊರಿನ ಗುಡಿಗಳಲ್ಲಿದ್ದ ಲಿಂಗಗಳೆಲ್ಲ ಕಿತ್ತೆದ್ದು ಅವರ ಬೆನ್ನು ಹತ್ತಿದವು ಎಂದು ಪುರಾಣ ಹೇಳುತ್ತದೆ. ಹಿರಿಯರು ಓಡಿ ಬಂದು ಕಾಲಿಗೆ ಬಿದ್ದು ಅವರನ್ನು ಮರಳಿ ಕರೆದುಕೊಂಡು ಹೋದರು.

ಈ ಕಥೆಯನ್ನು ಪವಾಡವೆಂದು ಕೇಳಿ ಕೈಮುಗಿದು ಬಿಡುವುದು ಸುಲಭ. ಸ್ವಲ್ಪ ನಿಂತು ವಿಚಾರ ಮಾಡಬೇಕು. ಊರನ್ನು ಮಡಿಯಾಗಿ ಇಡುತ್ತೇವೆ ಎಂದು ಹೊರಟವರಿಗೆ ಕೊನೆಗೆ ಊರಲ್ಲಿ ದೇವರೇ ಉಳಿಯಲಿಲ್ಲ. ಇತ್ತ ಭೋಗಯ್ಯನವರು ಊರವರನ್ನು ಬದಲು ಮಾಡುತ್ತೇನೆ ಎಂದು ಜಗಳಕ್ಕೆ ನಿಲ್ಲಲಿಲ್ಲ. ಅವರ ಸಲುವಾಗಿ ತಮ್ಮ ನಡತೆಯನ್ನೂ ಬಿಡಲಿಲ್ಲ. ತಮ್ಮ ಕೈಯಲ್ಲಿ ಇದ್ದದ್ದು ಯಾವುದು, ಇಲ್ಲದ್ದು ಯಾವುದು ಎಂಬುದು ಅವರಿಗೆ ಗೊತ್ತಿತ್ತು. ತಮ್ಮ ಮನೆಯ ಬಾಗಿಲು ತಮ್ಮ ಕೈಯಲ್ಲಿತ್ತು, ಊರಿನ ಮನಸ್ಸು ಇರಲಿಲ್ಲ. ಇಷ್ಟು ತಿಳಿದವನಿಗೆ ಇನ್ನೊಬ್ಬರ ಮೇಲೆ ಹಿಡಿತದ ಅಗತ್ಯ ಬೀಳುವುದಿಲ್ಲ.

ಅದು ಪುರಾಣದ ಮಾತಾಯಿತು. ಇತಿಹಾಸದ ಮಾತು ಬೇಕೆಂದರೆ ಕೆಂಭಾವಿಯಿಂದ ಸುರಪುರಕ್ಕೆ ಹೋದರೆ ಸಾಕು. ಸುರಪುರದ ದೊರೆ ಕೃಷ್ಣಪ್ಪ ನಾಯಕರು ತೀರಿಕೊಂಡಾಗ ಮಗ ವೆಂಕಟಪ್ಪ ನಾಯಕ ಇನ್ನೂ ಚಿಕ್ಕವ. ತಾಯಿ ರಾಣಿ ಈಶ್ವರಮ್ಮ. ಆಗ ಸಂಸ್ಥಾನ ನೋಡಿಕೊಳ್ಳಲು ಇಂಗ್ಲಿಷರ ಕಡೆಯಿಂದ ಬಂದ ಅಧಿಕಾರಿ ಮೆಡೋಸ್ ಟೇಲರ್. ಹತ್ತು ವರ್ಷಕ್ಕೂ ಮಿಕ್ಕಿ ಆತ ಸುರಪುರದಲ್ಲಿದ್ದ. ಸಾಲದಲ್ಲಿದ್ದ ಸಂಸ್ಥಾನದ ಲೆಕ್ಕಪತ್ರ ಸರಿಪಡಿಸಿದ, ಬಾಲಕ ದೊರೆಯ ಓದು ಬರಹ ನೋಡಿಕೊಂಡ. ಆ ಹುಡುಗ ಅವನನ್ನು ಅಪ್ಪ ಎಂದೇ ಕರೆಯುತ್ತಿದ್ದ. ಟೇಲರ್ ಇದ್ದ ಬಂಗಲೆ ಟೇಲರ್ ಮಂಜಿಲ್ ಎಂಬ ಹೆಸರಿನಿಂದ ಸುರಪುರದ ಗುಡ್ಡದ ಮೇಲೆ ಇಂದಿಗೂ ಇದೆ.

1853ರಲ್ಲಿ ಟೇಲರ್ ರಾಜ್ಯವನ್ನು ದೊರೆಯ ಕೈಗೆ ಒಪ್ಪಿಸಿ ಹೊರಟುಹೋದ. ತಾನು ಹಾಕಿದ ದಾರಿಯಲ್ಲಿಯೇ ಹುಡುಗ ನಡೆಯಲಿ ಎಂದು ಅವನಿಗೆ ಆಸೆ ಇದ್ದದ್ದು ಸಹಜ. ಆದರೆ ವೆಂಕಟಪ್ಪ ನಾಯಕರು ನಡೆದದ್ದು ಬೇರೆ ದಾರಿ. 1858ರ ಫೆಬ್ರವರಿಯಲ್ಲಿ ಸುರಪುರದಲ್ಲಿ ಇಂಗ್ಲಿಷರ ಸೈನ್ಯದ ಮೇಲೆ ಕಾಳಗವೇ ಆಯಿತು. ದೊರೆ ಹೈದರಾಬಾದಿನಲ್ಲಿ ಸೆರೆಸಿಕ್ಕರು. ಟೇಲರ್ ಸೆರೆಮನೆಗೆ ಹೋಗಿ ಅವರನ್ನು ಕಂಡ. ನಿನ್ನ ಹಿಂದೆ ಯಾರಿದ್ದರು, ಹೆಸರು ಹೇಳು ಎಂದರೆ ದೊರೆ ತಮ್ಮವರ ಹೆಸರು ಹೇಳಲಿಲ್ಲ. ಮೊದಲು ಮರಣದಂಡನೆ ಆಗಿದ್ದು ಆಮೇಲೆ ಕಡಿಮೆಯಾಗಿ, ಕೊನೆಗೆ ಮದ್ರಾಸ್ ಕಡೆಯ ಚೆಂಗಲ್ಪಟ್ಟಿನಲ್ಲಿ ನಾಲ್ಕು ವರ್ಷ ಇಡುವುದೆಂದು ತೀರ್ಮಾನವಾಯಿತು. ಆದರೆ ಅಲ್ಲಿಗೆ ಮುಟ್ಟುವ ಮೊದಲೇ, 1858ರಲ್ಲಿ, ದಾರಿಯಲ್ಲಿ ಪಿಸ್ತೂಲಿನ ಗುಂಡಿಗೆ ದೊರೆಯ ಪ್ರಾಣ ಹೋಯಿತು.

ಟೇಲರನ ಆತ್ಮಕಥೆ ಅವನು ತೀರಿಕೊಂಡ ಮರುವರ್ಷ, 1877ರಲ್ಲಿ ಪ್ರಕಟವಾಯಿತು. ಸುರಪುರದ ಈ ಸಂಗತಿಯನ್ನು ಅದರಲ್ಲಿ ದುಃಖದಿಂದಲೇ ಬರೆದಿದ್ದಾನೆ. ಅವನ ಲೆಕ್ಕದಲ್ಲಿ ಅದು ಕೆಟ್ಟು ಹೋದ ಮಗನ ಕಥೆ. ಸುರಪುರದ ಜನರ ಲೆಕ್ಕ ಹಾಗಿಲ್ಲ. ಅವರಿಗೆ ನಾಲ್ವಡಿ ರಾಜಾ ವೆಂಕಟಪ್ಪ ನಾಯಕರು ಇಂಗ್ಲಿಷರ ವಿರುದ್ಧ ನಿಂತ ವೀರರು. ಸಾಕಿದವನು ಸೋಲು ಎಂದು ಕಂಡದ್ದನ್ನು ನಾಡು ಕೀರ್ತಿ ಎಂದು ಹೊತ್ತುಕೊಂಡಿದೆ.

ಇಲ್ಲಿಯೇ ಹಿಡಿತದ ಮೊದಲ ದೋಷ ಕಾಣುತ್ತದೆ. ಹಿಡಿದುಕೊಂಡವನು ತನ್ನ ಅಳತೆಗೋಲಿನಿಂದಲೇ ಇನ್ನೊಬ್ಬನ ಬದುಕನ್ನು ಅಳೆಯುತ್ತಾನೆ. ಟೇಲರನಿಗೆ ಪ್ರೀತಿ ಇತ್ತು, ಆದರೆ ಅವನು ಕಂಪನಿಯ ಪರವಾಗಿ ಆಡಳಿತ ನೋಡಿದವನೂ ಹೌದು. ಕಂಪನಿಗೆ ಒಳ್ಳೆಯದಾದದ್ದೇ ಹುಡುಗನಿಗೂ ಒಳ್ಳೆಯದು ಎಂದು ಅವನು ಎಣಿಸಿದ್ದರೆ ಆಶ್ಚರ್ಯವಿಲ್ಲ. ನಮ್ಮ ಮನೆಗಳಲ್ಲಿ ಕಂಪನಿ ಇಲ್ಲದಿದ್ದರೂ ಮರ್ಯಾದೆ, ಮಂದಿ ಏನಂತಾರೆ ಎಂಬ ಅಂಜಿಕೆ, ಆಸ್ತಿ ಎಲ್ಲಿ ಹೋದೀತು ಎಂಬ ಚಿಂತೆ ಇದ್ದೇ ಇರುತ್ತವೆ. ನಿನ್ನ ಒಳ್ಳೇದಕ್ಕ ಹೇಳ್ತೀನಿ ಎನ್ನುವ ಮಾತಿನೊಳಗೆ ಹೇಳುವವರ ಒಳಿತು ಎಷ್ಟು, ಕೇಳುವವರ ಒಳಿತು ಎಷ್ಟು ಎಂದು ಒಮ್ಮೆ ತೂಗಿ ನೋಡಬೇಕು.

ಆದರೂ ಅದೇ ಟೇಲರನಿಂದ ಕಲಿಯುವಂಥ ಮಾತೊಂದಿದೆ. ತಾನು ಬೆಳೆಸಿದ ಹುಡುಗ ತನ್ನ ಸರ್ಕಾರದ ಮೇಲೆಯೇ ಕತ್ತಿ ಎತ್ತಿದ. ಆದರೂ ಆತ ಮುಖ ತಿರುಗಿಸಿ ಕೂಡಲಿಲ್ಲ. ಸೆರೆಮನೆಯ ಬಾಗಿಲವರೆಗೆ ಹೋದ. ಹೇಳಿದ ಮಾತು ಕೇಳಲಿಲ್ಲ, ಇನ್ನ ನನಗೂ ನಿನಗೂ ಏನೂ ಇಲ್ಲ ಎಂದು ಸಂಬಂಧ ಕಡಿದುಕೊಳ್ಳುವ ತಂದೆ ತಾಯಿ ನಮ್ಮಲ್ಲಿ ಎಷ್ಟು ಮಂದಿ ಇಲ್ಲ! ಹಾಗೆ ಮಾಡುವವರು ಹಿಡಿತ ಬಿಟ್ಟಿರುವುದಿಲ್ಲ. ಮಾತಿನಿಂದ ಹಿಡಿಯಲಾರದೆ ಮುನಿಸಿನಿಂದ ಹಿಡಿಯುತ್ತಿರುತ್ತಾರೆ ಅಷ್ಟೆ. ನಿಜವಾಗಿ ಹಿಡಿತ ಬಿಟ್ಟವನು ಮಾತು ನಡೆಯದಿದ್ದರೂ ಕೈ ಬಿಡುವುದಿಲ್ಲ.

ಭಗವದ್ಗೀತೆಯಲ್ಲಿ ಶ್ರೀಕೃಷ್ಣ ಅರ್ಜುನನಿಗೆ ಎಷ್ಟೆಲ್ಲ ಹೇಳಿದ! ವಿಶ್ವರೂಪವನ್ನೂ ತೋರಿಸಿದ. ಇಷ್ಟಾದ ಮೇಲೆ 18ನೇ ಅಧ್ಯಾಯದ 63ನೇ ಶ್ಲೋಕದಲ್ಲಿ, ಇದನ್ನೆಲ್ಲ ಪೂರ್ತಿ ವಿಚಾರ ಮಾಡಿ ನಿನ್ನ ಇಚ್ಛೆಯಂತೆ ಮಾಡು ಎಂಬ ಅರ್ಥದ ಮಾತು ಹೇಳುತ್ತಾನೆ. ಜಗತ್ತನ್ನೇ ನಡೆಸುವವನು ತನ್ನ ಎದುರಿಗೆ ಕೈಮುಗಿದು ನಿಂತ ಒಬ್ಬ ಮನುಷ್ಯನ ಇಚ್ಛೆಯನ್ನು ಅವನಿಗೇ ಬಿಟ್ಟುಕೊಟ್ಟ. ಹಾಗಿರುವಾಗ ನೆರೆಮನೆಯವರನ್ನೂ ಸರಿಯಾಗಿ ಅರಿಯದ ನಾವು, ಮಗನ ಮದುವೆ, ಮಗಳ ಓದು, ತಮ್ಮನ ಒಕ್ಕಲುತನ ಎಲ್ಲದರ ಹಗ್ಗ ನಮ್ಮ ಮುಷ್ಟಿಯಲ್ಲೇ ಇರಬೇಕು ಎನ್ನುವುದು ದೇವರಿಗಿಂತ ದೊಡ್ಡವರಾಗಲು ಹೋದಂತೆ.

ಹಂಗಾದರ ಮಕ್ಕಳು ಕೆಟ್ಟ ದಾರಿ ಹಿಡಿದರೂ ಸುಮ್ಮನ ಕೂಡಬೇಕೇನು ಎಂದು ಕೆಲವರು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಬಾವಿಯ ಕಡೆಗೆ ಅಂಬೆಗಾಲಿಡುವ ಕೂಸನ್ನು ಹಿಡಿದು ಎಳೆಯಲೇಬೇಕು, ಅಲ್ಲಿ ಉಪದೇಶ ಮಾಡುತ್ತ ನಿಲ್ಲುವುದು ಮೂರ್ಖತನ. ಆದರೆ ಮೂವತ್ತು ವರ್ಷದ ಮಗನನ್ನು ಕೂಸಿನಂತೆ ಎಳೆಯಲು ಹೋದರೆ ಅವನೂ ಬೀಳುತ್ತಾನೆ, ಎಳೆಯುವವರೂ ಬೀಳುತ್ತಾರೆ. ಅವನಿಗೆ ನಿಜ ಹೇಳಬೇಕು, ಒಮ್ಮೆ ಸ್ಪಷ್ಟವಾಗಿ ಹೇಳಬೇಕು. ಕುಡಿಯಲು ರೊಕ್ಕ ಕೇಳಿದರೆ ಕೊಡಬಾರದು, ಏಕೆಂದರೆ ರೊಕ್ಕ ತಂದೆಯ ಕೈಯಲ್ಲಿದೆ. ಹೆಂಡತಿ ಮಕ್ಕಳನ್ನು ಹೊಡೆದರೆ ಅಡ್ಡ ನಿಲ್ಲಬೇಕು, ಹೊಡೆತ ತಿನ್ನುವವರನ್ನು ಕಾಯುವುದು ಹಿಡಿತವಲ್ಲ, ಧರ್ಮ. ಆದರೆ ಅವನು ಮನಸ್ಸು ತಿರುಗಿಸುವ ಗಳಿಗೆ ಅವನದು. ಆ ಗಳಿಗೆ ಬಂದಾಗ ಮನೆಯ ಬಾಗಿಲು ತೆರೆದಿರಬೇಕು. ಅದು ತಂದೆ ತಾಯಿಯದು.

ಕೃಷ್ಣಾ ನದಿಯ ನಾರಾಯಣಪುರದ ಅಣೆಕಟ್ಟಿನಿಂದ ಕಾಲುವೆಯ ನೀರು ಬಂದ ಮೇಲೆ ಈ ಸೀಮೆಯ ಎಷ್ಟೋ ಮನೆಗಳಲ್ಲಿ ಜಗಳ ನಡೆದಿವೆ. ಅಪ್ಪನಿಗೆ ಜೋಳ ಬೇಕು, ಮಗನಿಗೆ ಭತ್ತ ಬೇಕು. ಒಂದೊಂದು ಮನೆಯಲ್ಲಿ ಭತ್ತವೇ ಸರಿ ಬಂದಿರಬಹುದು, ಇನ್ನೊಂದರಲ್ಲಿ ಸವಳು ಹತ್ತಿ ಹೊಲ ಕೆಟ್ಟಿರಬಹುದು. ಯಾರು ಸರಿ ಎಂದು ಮೊದಲೇ ಹೇಳಲು ಯಾರಿಗೆ ಸಾಧ್ಯ? ಅಪ್ಪ ತನ್ನ ಅನುಭವ ಹೇಳಿ, ಬೀಜಕ್ಕೆ ಕೈಲಾದ ಸಹಾಯ ಮಾಡಿ ಕಟ್ಟೆಯ ಮೇಲೆ ಕುಳಿತರೆ, ಬೆಳೆ ಸೋತ ದಿನ ಮಗ ಅವನ ಹತ್ತಿರವೇ ಬಂದು ಕೂಡುತ್ತಾನೆ. ನಾ ಮೊದಲ ಹೇಳಿದ್ನಿಲ್ಲೊ ಎಂದು ಚುಚ್ಚಿದರೆ ಮತ್ತೊಮ್ಮೆ ಬರುವುದಿಲ್ಲ.

ಆದ್ದರಿಂದ ಭಕ್ತಾದಿಗಳು ಸನ್ನಿಧಿಯಲ್ಲಿ ನಿಂತಾಗ ಬೇಡಿಕೆಯನ್ನು ಸ್ವಲ್ಪ ತಿದ್ದಿಕೊಳ್ಳುವುದು ಒಳ್ಳೆಯದು. ಮಗ ನನ್ನ ಮಾತು ಕೇಳಲಿ ಎನ್ನುವ ಬದಲು ಮಗನಿಗೆ ಒಳ್ಳೆಯ ಬುದ್ಧಿ ಬರಲಿ, ಅದು ನನ್ನ ಮಾತಿಗಿಂತ ಬೇರೆಯಾಗಿದ್ದರೂ ನನಗೆ ತಡೆದುಕೊಳ್ಳುವ ಶಕ್ತಿ ಬರಲಿ ಎಂದು ಬೇಡಬೇಕು. ಹರಕೆಯ ಕಾಯಿ ಒಡೆಯುವಾಗ ನಮ್ಮ ಹಟವೂ ಅದರ ಜೊತೆ ಒಡೆಯಲಿ. ಬೆಟ್ಟ ಇಳಿದು ಮನೆ ಸೇರಿದ ಮೇಲೆ ಮಾಡಬೇಕಾದ ಸೇವೆಯೂ ಇದೇ. ಹೇಳುವುದನ್ನು ಹೇಳಿ, ಮಾಡುವುದನ್ನು ಮಾಡಿ, ಉಳಿದದ್ದನ್ನು ಆ ಜೀವಕ್ಕೂ ಅದನ್ನು ಕೊಟ್ಟ ಶಿವನಿಗೂ ಬಿಟ್ಟುಕೊಡಬೇಕು. ಎಲ್ಲರ ಮನೆಯಲ್ಲಿ ಶಾಂತಿ ನೆಲೆಸಲಿ.