ಹೆಸರಿಗಾಗಿ ಕೊಟ್ಟದ್ದು ದಾನವೇ?

ಶಾಲೆಯ ಕಟ್ಟಡಕ್ಕೋ ಬಡರೋಗಿಗಳ ಚಿಕಿತ್ಸೆಗೋ ಹಣ ಕೂಡಿಸಲು ಒಂದು ಸಮಾರಂಭ ಏರ್ಪಡುತ್ತದೆ. ಅದರಲ್ಲಿ ಭಾವಚಿತ್ರಗಳ ಹರಾಜೂ ಇರುತ್ತದೆ. ಶಾಮಿಯಾನದವನಿಗೆ, ಮೈಕಿನವನಿಗೆ, ಅಡುಗೆಯವನಿಗೆ ಹಣ ಸಲ್ಲುತ್ತದೆ. ಚಿತ್ರಕಾರನಿಗೆ ಮಾತ್ರ, “ನೀವು ಪುಕ್ಕಟೆ ಕೊಡಿ, ದೊಡ್ಡ ದೊಡ್ಡವರು ಬರುತ್ತಾರೆ, ನಿಮಗೆ ಹೆಸರು ಬರುತ್ತದೆ” ಎಂದು ಹೇಳಲಾಗುತ್ತದೆ. ಅವನೂ ಒಪ್ಪಿಕೊಳ್ಳುತ್ತಾನೆ. ಪ್ರಿಯ ವಾಚಕರೇ, ಅವನು ಕೊಟ್ಟದ್ದು ದಾನವೋ ವ್ಯಾಪಾರವೋ? ಕೇಳಿದವರು ಮಾಡಿದ್ದು ಪುಣ್ಯವೋ ಅನ್ಯಾಯವೋ?

ಜೀವಿಗಳ ಚಿತ್ರ ಬರೆಯುವುದರ ಬಗ್ಗೆ ವಿದ್ವಾಂಸರ ನಡುವೆ ಇರುವ ಚರ್ಚೆ ಬೇರೆ. ನಮ್ಮ ಪ್ರಶ್ನೆ ಅಂದವಾಗಿ ಅಕ್ಷರ ಬರೆಯುವವನಿಗೂ, ಬೋರ್ಡು ಬರೆಯುವವನಿಗೂ, ಕಲ್ಲು ಕೆತ್ತುವವನಿಗೂ ಸಂಬಂಧಿಸಿದ್ದು. ರಾವೂರ, ವಾಡಿ, ಶಹಾಬಾದ ಕಡೆಯ ವಾಚಕರಿಗೆ ಫರಸಿ ಕಲ್ಲಿನ ಕಷ್ಟ ಗೊತ್ತು. ಗಣಿಯಿಂದ ಎದ್ದ ಕಲ್ಲು ಮನೆಯ ನೆಲವಾಗುವ ಮೊದಲು ಎಷ್ಟು ಕೈಗಳು ಬಿಸಿಲಿನಲ್ಲಿ ದುಡಿಯಬೇಕು! ಗಣಿಯ ಮಾಲೀಕ ಮಸೀದಿಗೆಂದು ಮನಸಾರೆ ಕಲ್ಲು ಕೊಟ್ಟರೆ ಅದು ಸದಕ. ಆದರೆ “ಮಸೀದಿಯ ಕೆಲಸ ತಾನೆ” ಎಂದು ಕಲ್ಲು ಒಡೆದವನ ದಿನಗೂಲಿಯನ್ನು ಹಿಡಿದರೆ ಅದನ್ನು ಯಾರೂ ಸದಕ ಎನ್ನುವುದಿಲ್ಲ. ಕಲ್ಲು ಒಡೆಯುವವನ ಬೆವರು ಕಣ್ಣಿಗೆ ಕಾಣುತ್ತದೆ, ಚಿತ್ರಕಾರನ ಬೆವರು ಕಾಣುವುದಿಲ್ಲ. ವ್ಯತ್ಯಾಸ ಇಷ್ಟೇ. ಪೂರ್ತಿ ಕೆಲಸ ಮಾಡಿಸಿಕೊಂಡು ಕೂಲಿ ಕೊಡದವನ ವಿರುದ್ಧ ಪುನರುತ್ಥಾನ ದಿನ ಸ್ವತಃ ಅಲ್ಲಾಹನೇ ವಾದಿಯಾಗಿ ನಿಲ್ಲುವನೆಂದು ಬುಖಾರಿಯ ಹದೀಸಿನಲ್ಲಿ ಎಚ್ಚರಿಸಲಾಗಿದೆ.

ಪ್ರವಾದಿವರ್ಯರೇ(ಸ) ನಡೆಸಿದ ಒಂದು ಹರಾಜಿನ ವರದಿ ಅಬೂದಾವೂದ್ ಗ್ರಂಥದಲ್ಲಿದೆ. ಬೇಡಲು ಬಂದ ಒಬ್ಬ ಅನ್ಸಾರಿಯ ಮನೆಯಲ್ಲಿ ಇದ್ದದ್ದು ಒಂದು ಕಂಬಳಿ, ಒಂದು ನೀರಿನ ಬಟ್ಟಲು. ಅವುಗಳನ್ನು ತರಿಸಿ, ಒಂದು ದಿರ್ಹಮ್‌ನ ಮೇಲೆ ಹೆಚ್ಚು ಕೊಡುವವರು ಯಾರಿದ್ದಾರೆಂದು ಮತ್ತೆ ಮತ್ತೆ ಕೇಳಿ, ಎರಡು ದಿರ್ಹಮ್‌ಗಳಿಗೆ ಮಾರಿದರು. ಆ ಹಣ ಯಾರಿಗೆ ಹೋಯಿತು? ವಸ್ತುವಿನ ಒಡೆಯನಿಗೇ. ಒಂದು ದಿರ್ಹಮ್‌ನಿಂದ ಮನೆಯವರಿಗೆ ಆಹಾರ, ಇನ್ನೊಂದರಿಂದ ಕೊಡಲಿ. ಕೊಡಲಿಗೆ ಹಿಡಿ ಹಾಕಿಕೊಟ್ಟವರೂ ಪ್ರವಾದಿವರ್ಯರೇ(ಸ). ಹದಿನೈದು ದಿನಗಳಲ್ಲಿ ಆತ ಸೌದೆ ಮಾರಿ ಹತ್ತು ದಿರ್ಹಮ್ ಸಂಪಾದಿಸಿದ. ಆ ಹರಾಜು ಒಬ್ಬನ ದುಡಿಮೆಯನ್ನು ಎತ್ತಿ ನಿಲ್ಲಿಸಿತು. ನಮ್ಮ ಹರಾಜುಗಳು ದುಡಿಯುವವನ ಕೈಯನ್ನೇ ಬರಿದು ಮಾಡಬಾರದು.

“ಹೆಸರು ಬರುತ್ತದಲ್ಲ” ಎನ್ನುವವರು ಇನ್ನೊಂದು ವಿಷಯ ಮರೆಯುತ್ತಾರೆ. ಐದು ಸಾವಿರದ ಚಿತ್ರವು ಹರಾಜಿನಲ್ಲಿ ಸಾವಿರಕ್ಕೆ ಹೋದರೆ ಊರಿಗೆಲ್ಲ ಅದೇ ಅದರ ಬೆಲೆಯಾಗುತ್ತದೆ. ನಾಳೆ ಬರುವ ಗಿರಾಕಿ ಅಷ್ಟಕ್ಕೇ ಕೇಳುತ್ತಾನೆ. ಕಾನೂನು ಕೂಡ ಕಲಾವಿದನ ನೆರವಿಗೆ ಬರುವುದಿಲ್ಲ. 1969ರ ತಿದ್ದುಪಡಿಯ ನಂತರ ಅಮೆರಿಕದಲ್ಲಿ ತನ್ನದೇ ಚಿತ್ರವನ್ನು ದಾನ ಕೊಟ್ಟ ಕಲಾವಿದನಿಗೆ ಕ್ಯಾನ್ವಾಸು, ಬಣ್ಣಗಳ ಖರ್ಚಿನಷ್ಟಕ್ಕೆ ಮಾತ್ರ ತೆರಿಗೆ ವಿನಾಯಿತಿ. ಅದೇ ಚಿತ್ರವನ್ನು ಕೊಂಡು, ವರ್ಷಕ್ಕೂ ಮೀರಿ ಇಟ್ಟುಕೊಂಡು ವಸ್ತುಸಂಗ್ರಹಾಲಯಕ್ಕೆ ಕೊಟ್ಟ ಶ್ರೀಮಂತನಿಗೆ ಮಾರುಕಟ್ಟೆಯ ಬೆಲೆಯಷ್ಟಕ್ಕೆ ವಿನಾಯಿತಿ!

ಪುಕ್ಕಟೆ ಕೊಟ್ಟರೇ ಹೆಸರು ಎಂಬುದೂ ನಿಜವಲ್ಲ. ಕಲಬುರಗಿಯ ಎಸ್.ಎಂ. ಪಂಡಿತರು (1916-1993) ಮುಂಬಯಿಯಲ್ಲಿ ಸಿನಿಮಾ ಪೋಸ್ಟರು, ಕ್ಯಾಲೆಂಡರುಗಳಿಗೆ ಚಿತ್ರ ಬರೆದು ಬದುಕು ಕಟ್ಟಿಕೊಂಡರು. ದುಡಿಮೆಯೇ ಅವರಿಗೆ ಹೆಸರು ತಂದಿತು. ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತು ನಡೆಸುವ ಚಿತ್ರಸಂತೆಯಲ್ಲಿ ಕಲಾವಿದರು ಬೀದಿಯಲ್ಲೇ ಕುಳಿತು ತಮ್ಮ ಚಿತ್ರಗಳನ್ನು ತಾವೇ ಮಾರುತ್ತಾರೆ. ಕೊಳ್ಳುವವನೂ ಮಾರುವವನೂ ಎದುರುಬದುರಾಗುವ ಆ ವ್ಯವಹಾರದಲ್ಲಿ ಮುಚ್ಚುಮರೆಯಿಲ್ಲ.

ಇನ್ನು ಕೊಡುವವನ ಮಾತು. ಜನರಿಗೆ ತೋರಿಸಲೆಂದು ಖರ್ಚು ಮಾಡುವವನನ್ನು ಕುರ್‌ಆನ್ (ಅಲ್ ಬಕರ: 264) ಮಣ್ಣು ಮುಚ್ಚಿದ ನುಣುಪು ಬಂಡೆಗೆ ಹೋಲಿಸಿದೆ. ಜೋರು ಮಳೆ ಬಂದರೆ ಮಣ್ಣು ಕೊಚ್ಚಿ ಹೋಗಿ ಬರೀ ಬಂಡೆ ಉಳಿಯುತ್ತದೆ. ಗಣಿಯ ಸೀಮೆಯವರಿಗೆ ಈ ಉಪಮೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಗೆಂದು ಬಹಿರಂಗ ದಾನ ನಿಷಿದ್ಧವಲ್ಲ. ಅದೇ ಅಧ್ಯಾಯದ 271ನೇ ವಚನವು ಬಹಿರಂಗ ದಾನವನ್ನೂ ಒಳ್ಳೆಯದೆಂದೇ ಹೇಳಿ, ಬಡವರಿಗೆ ಗುಟ್ಟಾಗಿ ಕೊಡುವುದನ್ನು ಇನ್ನೂ ಉತ್ತಮವೆಂದು ಕಲಿಸುತ್ತದೆ. ಪ್ರಶ್ನೆ ನಿಯ್ಯತ್ತಿನದು.

ಆದ್ದರಿಂದ ಕಲಾವಿದನು ಕೊಡುವ ಮುನ್ನ ತನ್ನ ಹೃದಯವನ್ನು ಕೇಳಿಕೊಳ್ಳಲಿ. ಸದಕವಾದರೆ ಹೆಸರು ಬಾರದಿದ್ದರೂ ಕೊರಗದಿರಲಿ. ವ್ಯಾಪಾರವಾದರೆ ಸಂಕೋಚವಿಲ್ಲದೆ ಬೆಲೆ ಹೇಳಲಿ, ಹಲಾಲ್ ದುಡಿಮೆಯ ಬೆಲೆ ಕೇಳುವುದು ನಾಚಿಕೆಯ ವಿಷಯವಲ್ಲ. ಏರ್ಪಡಿಸುವವರು ಕನಿಷ್ಠ ಬೆಲೆಯನ್ನೂ ಕಲಾವಿದನ ಪಾಲನ್ನೂ ಮೊದಲೇ ಬರೆದುಕೊಡಲಿ. ಆ ಪಾಲನ್ನು ಅವನು ಬಿಟ್ಟುಕೊಟ್ಟರೆ ಅದು ಅವನ ಸ್ವಇಚ್ಛೆಯ ದಾನ. ಅಗ್ಗಕ್ಕೆ ಕೊಂಡವನು ತಾನು ದಾನಿಯೆಂದು ಬೀಗದಿರಲಿ.

ವಾಚಕರೇ, ಮುಂದಿನ ಸಲ ನಿಮ್ಮೂರಿನ ಕಮಿಟಿಯಲ್ಲಿ ಯಾರಾದರೂ “ಅವನಿಗೆ ದುಡ್ಡು ಯಾಕೆ, ಹೆಸರು ಬರುತ್ತದಲ್ಲ” ಎಂದಾಗ ನೀವು ಸುಮ್ಮನಿರುವಿರಾ? ಒಳ್ಳೆಯ ಕೆಲಸಕ್ಕೆ ಕೂಡಿಸುವ ಹಣದಲ್ಲಿ ಒಬ್ಬ ದುಡಿಮೆಗಾರನ ನಿಟ್ಟುಸಿರು ಬೆರೆಯದಂತೆ ನೋಡಿಕೊಳ್ಳುವುದೂ ಒಂದು ಸದಕವೇ ಅಲ್ಲವೇ?