ಒಲೆ ಹಚ್ಚುವವರನ್ನು ಕೇಳಿ

ಮಲೆನಾಡಿನ ಬಚ್ಚಲುಮನೆಯ ತಾಮ್ರದ ಬಾಯ್ಲರ್‌ನಲ್ಲಿ ಹೊಗೆಕೊಳವೆ ನೀರಿನ ನಡುವೆಯೇ ಹಾದು, ಹೆಂಚು ದಾಟಿ ಮೇಲೆ ಹೋಗುತ್ತದೆ. ಹೊಗೆ ಹತ್ತುವ ದಾರಿಯಲ್ಲೇ ಮಳೆಯೂ ಇಳಿಯುತ್ತದೆ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಸುರಿಯುವ ಆಗುಂಬೆಯಂಥ ಕಡೆ, ಕೊಳವೆಯ ತಲೆಯ ತಗಡಿನ ಟೋಪಿ ಸ್ವಲ್ಪ ವಾಲಿದರೂ ಸಾಕು, ಬೆಳಗಾಗುವಷ್ಟರಲ್ಲಿ ಬೂದಿಯೆಲ್ಲ ಕೆಸರು.

ಇದು ಗೊತ್ತಾಗುವುದು ಮನೆಯಲ್ಲಿ ಒಬ್ಬರಿಗೆ ಮಾತ್ರ. ಎಲ್ಲರಿಗಿಂತ ಮೊದಲು ಎದ್ದು ಒಲೆ ಹಚ್ಚುವ ಅಮ್ಮನಿಗೋ ಕೆಲಸದವರಿಗೋ. ಅವರು ಕಪ್ಪು ಕೆಸರನ್ನು ಕೆರೆದು ತೆಗೆಯುತ್ತಾರೆ, ಒದ್ದೆ ಒಲೆಗೆ ಒಣ ಸೋಗೆ ತುರುಕಿ ಊದುತ್ತಾರೆ, ಕಣ್ಣು ಉಜ್ಜಿಕೊಳ್ಳುತ್ತಾರೆ. ಟವೆಲ್ ಹೆಗಲಿಗೆ ಹಾಕಿಕೊಂಡು ಬರುವವರ ಪಾಲಿಗೆ ನೀರು ಕಾದೇ ಇರುತ್ತದೆ. "ಬಾಯ್ಲರ್ ಒಳಗೆ ನೀರಿಳೀತಿದೆ ಕಣೋ" ಅಂದರೆ "ನೀರು ಕಾದಿದೆಯಲ್ಲಮ್ಮ, ಬಿಡು" ಎಂಬ ಉತ್ತರ. ನಾವು ಬಿಡಬೇಕಾದದ್ದು ಈ ಉತ್ತರವನ್ನು. ತನಗೆ ತಟ್ಟದ ತೊಂದರೆಯೂ ತೊಂದರೆಯೇ.

ಒಲೆ ಹಚ್ಚುವವರನ್ನು ಕೇಳುವ ಕೆಲಸ ಮೇ ತಿಂಗಳಲ್ಲೇ ಆಗಲಿ. ಮಳೆ ಹಿಡಿದು ಹೆಂಚು ಪಾಚಿಗಟ್ಟಿದ ಮೇಲೆ ಮಾಡು ಹತ್ತುವುದು ಅಪಾಯ. ಕಳೆದ ಮಳೆಗಾಲದಲ್ಲಿ ಎಲ್ಲಿ ಒದ್ದೆಯಾಗುತ್ತಿತ್ತು ಎಂದು ಅವರನ್ನೇ ವಿಚಾರಿಸಿ. ಒಲೆಯ ಬೂದಿ ಒದ್ದೆಯಾಗುತ್ತಿದ್ದರೆ ನೀರು ಕೊಳವೆಯ ಬಾಯಿಂದ ಬರುತ್ತಿರಬಹುದು; ಟೋಪಿ ನೋಡಬೇಕು. ಬಾಯ್ಲರಿನ ಹೊರಮೈ ಮಾತ್ರ ಒದ್ದೆಯಾದರೆ, ಕೊಳವೆ ಹೆಂಚು ದಾಟುವ ಸಂದಿಯ ಮೇಲೆ ಅನುಮಾನ. ಅಲ್ಲಿಗೆ ಸಿಮೆಂಟು ಮೆತ್ತಿದರೆ ಹೆಚ್ಚು ದಿನ ಬಾಳುವುದಿಲ್ಲ. ಕೊಳವೆ ಕಾದಾಗ ಹಿಗ್ಗುತ್ತದೆ, ಆರಿದಾಗ ಕುಗ್ಗುತ್ತದೆ, ಸಿಮೆಂಟು ಬಿರುಕು ಬಿಡುತ್ತದೆ. ಸಂದಿಯ ಮೇಲೆ ಕೊಳವೆಗೇ ತಗಡನ್ನು ಕೊಡೆಯಂತೆ ಬಿಗಿಸುವುದು ಮೇಲು. ಹೇಗೂ ಹತ್ತಿದ್ದೀರಿ, ಮಸಿ ಕೊಡವಿ, ತುಕ್ಕು ತಿಂದ ತಗಡನ್ನು ಬದಲಾಯಿಸಿಬಿಡಿ.

ಒಂದನ್ನು ಮಾತ್ರ ಯಾರೂ ಮಾಡಬಾರದು. ಮಳೆ ಬರುತ್ತದೆಂದು ಕೊಳವೆಯ ಬಾಯಿಗೆ ಗೋಣಿ ತುರುಕಬಾರದು, ಟೋಪಿಯನ್ನು ಬಾಯಿಗೆ ಒತ್ತಿ ಕೂರಿಸಬಾರದು. ಹೊಗೆ ಹೋಗಲು ಸುತ್ತ ಜಾಗ ಬೇಕೇ ಬೇಕು. ಕಟ್ಟಿಕೊಂಡರೆ ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಬಚ್ಚಲಲ್ಲಿ ತುಂಬುತ್ತದೆ. ಅದು ಜೀವ ತೆಗೆಯುವ ಅನಿಲ. ಒದ್ದೆ ಸೌದೆ ಹತ್ತಲಿಲ್ಲವೆಂದು ಹೊಗೆಯಾಡುವ ಒಲೆಗೆ ಸೀಮೆಎಣ್ಣೆ ಸುರಿಯುವುದೂ ಅಷ್ಟೇ ಕೆಟ್ಟದ್ದು.

ದುರಸ್ತಿಯಾದ ಮೇಲೆ ಮೊದಲ ಜೋರು ಮಳೆಯ ಮರುದಿನ ಒಲೆ ಹಚ್ಚುವ ಸರದಿ ಮನೆಯ ಗಂಡಸರದ್ದೋ ಕಾಲೇಜಿಗೆ ಹೋಗುವ ಮಕ್ಕಳದ್ದೋ ಆಗಲಿ. ಬೂದಿ ಒಣಗಿದೆಯೋ ಇಲ್ಲವೋ ಅವರೇ ಕೈಯಿಟ್ಟು ನೋಡಲಿ.